ಚಪ್ಪರ ಎಲ್ಲಿ, ಸಾಹೇಬರೇ?

ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಉದ್ಯೋಗ ಖಾತ್ರಿಯ ಕೂಲಿ ತಂಡವೊಂದನ್ನು ನಡೆಸುವ ಕಾಯಕಬಂಧುವಿನ ಬಹಿರಂಗ ಪತ್ರ.

ಚಪ್ಪರಕ್ಕಾಗಿ ಮನವಿ ಕೊಟ್ಟಾಯಿತು, ಪಿಡಿಒ ಅವರ ಮುಂದೆ ನಿಂತಾಯಿತು, ನಿಮ್ಮ ಕಚೇರಿಗೂ ಬಂದು ಹೋದದ್ದಾಯಿತು. ಇನ್ನು ನಾಲ್ಕು ಜನ ಓದುವಂತೆ ಬರೆಯುವುದೊಂದೇ ಉಳಿದಿತ್ತು.

ಕೆರೆ ಹೂಳೆತ್ತುವ ನಮ್ಮ ಕೆಲಸ ನಿಮಗೆ ಗೊತ್ತೇ ಇದೆ. ರೋಜ್‌ಗಾರ್ ದಿನದ ಸಭೆಯಲ್ಲಿ ಹೆಣ್ಣುಮಕ್ಕಳು ಬಿಸಿಲಿನ ಮಾತೆತ್ತಿದಾಗ, ‘ಈ ವಾರದೊಳಗೇ ಚಪ್ಪರ ಹಾಕಿಸುತ್ತೇನೆ’ ಎಂದು ಮೈಕಿನಲ್ಲಿ ಹೇಳಿದವರು ನೀವು. ನಂಬಿ ಚಪ್ಪಾಳೆ ತಟ್ಟಿದವರು ನಾವು. ಚಪ್ಪರ ಬರಲಿಲ್ಲ. ನಮ್ಮ ತಂಡದ ಹಿರಿಯ ತಾಯಿಯೊಬ್ಬರ ಕುತ್ತಿಗೆ, ಮುಂಗೈಗಳಲ್ಲಿ ಸುಟ್ಟ ಗುಳ್ಳೆಗಳು ಎದ್ದವು. ಆರೋಗ್ಯ ಕೇಂದ್ರದವರು ಮುಲಾಮು ಕೊಟ್ಟು, ಬಿಸಿಲಿಗೆ ಹೋಗಬೇಡಿ ಎಂದರು. ಹೋಗದಿದ್ದರೆ ಕೂಲಿ ಯಾರು ಕೊಡುತ್ತಾರೆ?

‘ಬಿಸಿಲಲ್ಲೇ ಹುಟ್ಟಿದವರಿಗೆ ಬಿಸಿಲೇನು ಮಾಡುತ್ತೆ’ ಎಂದರು ನಿಮ್ಮ ಸಿಬ್ಬಂದಿಯೊಬ್ಬರು. ಕಪ್ಪು ಮೈಗೆ ಸ್ವಲ್ಪ ಕಾಪು ಇದೆ, ನಿಜ. ಆದರೂ ಅದು ಸುಡುತ್ತದೆ, ಬಂಗು ಬೀಳುತ್ತದೆ, ಬೇಗ ಸುಕ್ಕಾಗುತ್ತದೆ. ನಮ್ಮ ಒಣ ಹವೆಯಲ್ಲಿ ಬೆವರು ಬಂದಷ್ಟೇ ಬೇಗ ಆರುತ್ತದೆ, ಸೆಕೆ ಅಷ್ಟಾಗಿ ತಿಳಿಯದು. ಮೈ ಸುಟ್ಟದ್ದು ತಿಳಿಯುವುದು ಸಂಜೆ ನೀರು ಹಾಕಿಕೊಂಡಾಗ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನೇರಳಾತೀತ ಕಿರಣಗಳು ಚುರುಕಾಗಿರುತ್ತವೆ. ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಬೇಕು, ಅದು ಕೂಲಿಯ ದುಡ್ಡಿಗೆ ಎಟುಕುವ ಮಾತಲ್ಲ. ಹಾಗಾಗಿ ನಮ್ಮ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ಮುಖಕ್ಕೆ ಟವೆಲ್ ಸುತ್ತಿ ಬರುತ್ತಾರೆ. ತಮ್ಮಿಂದಾದದ್ದನ್ನು ಅವರು ಮಾಡಿದ್ದಾರೆ. ನೆರಳನ್ನು ಮಾತ್ರ ಮನೆಯಿಂದ ಹೊತ್ತು ತರಲಾಗದು.

ಅದನ್ನು ಕೊಡಬೇಕಾದವರು ನೀವು. ಕೆಲಸದ ಜಾಗದಲ್ಲಿ ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮಕ್ಕಳಿಗೂ ದಣಿವಾರಿಸಿಕೊಳ್ಳುವವರಿಗೂ ನೆರಳು ಇರಬೇಕೆಂದು ಉದ್ಯೋಗ ಖಾತ್ರಿ ಕಾಯ್ದೆಯ ಅನುಸೂಚಿಯಲ್ಲೇ ಬರೆದಿದೆ. ನಾವು ಭಿಕ್ಷೆ ಕೇಳುತ್ತಿಲ್ಲ.

ನಮ್ಮ ಹಾಜರಾತಿಗೆ ಮೊಬೈಲಿನಲ್ಲಿ ದಿನಕ್ಕೆರಡು ಫೋಟೊ ತೆಗೆಯಬೇಕು; ಎರಡನೆಯದಕ್ಕೆ ಮೊದಲನೆಯದರ ನಂತರ ನಾಲ್ಕು ಗಂಟೆ ಕಳೆಯಬೇಕು. ಬೆಳಗಿನ ತಂಪಿನಲ್ಲೇ ದಿನದ ಅಳತೆಯ ಕೆಲಸ ಮುಗಿಸಿದವರೂ ಫೋಟೊಗಾಗಿ ಬಯಲಲ್ಲಿ ಕಾಯುತ್ತಾರೆ. ಆ ಹೊತ್ತಿಗಾದರೂ ಚಪ್ಪರ ಬೇಡವೇ?

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಬಿಸಿಲಿನ ಕಾರಣಕ್ಕೇ ತಾನೇ? ಸೂರಿನ ಕೆಳಗೆ, ಫ್ಯಾನಿನ ಗಾಳಿಯಲ್ಲಿ ಕೂತವರ ಕಷ್ಟ ಸರ್ಕಾರಕ್ಕೆ ಅರ್ಥವಾಗುತ್ತದೆ. ಸಲಿಕೆ ಹಿಡಿದವರದು, ಡಾಂಬರು ಸುರಿಯುವವರದು, ಬೀದಿ ಗುಡಿಸುವವರದು, ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರದು ಏಕೆ ಅರ್ಥವಾಗುವುದಿಲ್ಲ? ಇವರ ಚರ್ಮ ಚರ್ಮವಲ್ಲವೇ?

ಪ್ರತಿ ಕೆಲಸದ ಜಾಗದಲ್ಲಿ ಚಪ್ಪರ ಹಾಕಿಸಿ. ಬೆಳಕು ಹರಿಯುವಾಗಲೇ ಕೆಲಸ ಶುರುವಾಗಲಿ, 10 ಗಂಟೆಗೆ ಎಲ್ಲರೂ ಮನೆ ಸೇರುವಂತೆ ಹಾಜರಾತಿಯ ನಿಯಮ ಬದಲಿಸಲು ಮೇಲಿನವರಿಗೆ ಬರೆಯಿರಿ. ಬಯಲಲ್ಲಿ ದುಡಿಯುವ ಎಲ್ಲರಿಗೂ ತುಂಬುತೋಳಿನ ಹತ್ತಿ ಅಂಗಿ, ಅಗಲ ಅಂಚಿನ ಟೋಪಿ ಕೊಡಿಸಿ. ಮುಂದಿನ ರೋಜ್‌ಗಾರ್ ದಿನಕ್ಕೆ ಬರುವಾಗ ಚಪ್ಪರ ಹಾಕಿಸಿಯೇ ಬನ್ನಿ. ಇಲ್ಲದಿದ್ದರೆ ಸಭೆಯನ್ನು ಮಧ್ಯಾಹ್ನ 12ಕ್ಕೆ ಕೆರೆಯಂಗಳದಲ್ಲೇ ನಡೆಸೋಣ. ಅಲ್ಲಿ ನಿಂತು ನಿಮ್ಮ ಮಾತನ್ನು ಮತ್ತೊಮ್ಮೆ ಹೇಳಿ.

ಇಂತಿ,
ಕೂಲಿಕಾರರ ಪರವಾಗಿ, ಕಾಯಕಬಂಧು