ಅಟ್ಟದ ಮೇಲಿನ ಕ್ಯಾಸೆಟ್ ಗುಜರಿಗೆ ಹಾಕಬೇಡಿ!

ನಿಮ್ಮ ಮನೆಯ ಅಟ್ಟ ಹುಡುಕಿ ನೋಡಿ. ಹಳೇ ಕ್ಯಾಸೆಟ್ ತುಂಬಿದ ರಟ್ಟಿನ ಡಬ್ಬ ಸಿಕ್ಕೀತು. ಗುಜರಿಯವನನ್ನು ಕೂಗುವ ಮುನ್ನ ಎರಡು ಮಾತು.

1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ಹೊರತಂದಾಗ ಅದು ಹೆಚ್ಚಾಗಿ ಮಾತು ಮುದ್ರಿಸಿಕೊಳ್ಳುವ ಸಾಮಾನು. 1979ರಲ್ಲಿ ಸೋನಿಯ ವಾಕ್‌ಮನ್ ಬಂತು, ಹಾಡು ಸೊಂಟಕ್ಕೇರಿತು. ಮೊದಲು ಶೋಕಿ, ಆಮೇಲೆ ಮಾಮೂಲು. 1982ರಲ್ಲಿ ಸಿ.ಡಿ., 2001ರಲ್ಲಿ ಐಪಾಡ್. 2010ರಲ್ಲಿ ಸೋನಿಯೇ ಜಪಾನಿನಲ್ಲಿ ಕ್ಯಾಸೆಟ್ ವಾಕ್‌ಮನ್ ಕೈಬಿಟ್ಟಿತು. ಯಂತ್ರದ ಆಯಸ್ಸು ಅಷ್ಟೇ ಎನ್ನಿ.

ಆದರೆ ನಮಗೆ ಅದು ಬರೀ ಯಂತ್ರವೇ? ಗ್ರಾಮಫೋನ್ ತಟ್ಟೆ ಒತ್ತಲು ಕಾರ್ಖಾನೆ ಬೇಕು, ಯಾವ ಹಾಡು ತಟ್ಟೆಯಾಗಬೇಕೆಂದು ಹೇಳಲು ಧಣಿಗಳು ಬೇಕು. ಕ್ಯಾಸೆಟ್ಟಿಗೆ ಎರಡು ಟೇಪ್‌ರೆಕಾರ್ಡರ್ ಸಾಕಿತ್ತು. 1978ರಲ್ಲಿ ನಿಸಾರ್ ಅಹಮದ್ ಅವರ ಕವನಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟಾದವು. ಪುಸ್ತಕ ಮುಟ್ಟದವನ ಮನೆಗೂ ಕನ್ನಡ ಕವಿ ನುಗ್ಗಿದ! 1987ರ ‘ಪ್ರೇಮಲೋಕ’ ಕೇಳದ ಬೀದಿ ಇತ್ತೇ? ಯಕ್ಷಗಾನ, ಹರಿಕಥೆ, ಊರ ಭಜನೆ ಮೇಳ, ಎಲ್ಲಕ್ಕೂ ಆ ಪುಟ್ಟ ಡಬ್ಬಿಯೇ ಆಸರೆ. ಕಳ್ಳ ಕ್ಯಾಸೆಟ್ಟುಗಳು ಹಾಡಿದವರ ಹೊಟ್ಟೆಗೆ ಹೊಡೆದದ್ದೂ ನಿಜ, ಮುಚ್ಚಿಡುವುದೇಕೆ?

ಈಗ ಹಳೆಯದಕ್ಕೇ ಹೊಸ ಶೋಕಿ. 2022ರಲ್ಲಿ ಅಮೆರಿಕದಲ್ಲಿ ಸಿ.ಡಿ.ಗಿಂತ ತಟ್ಟೆಗಳೇ ಹೆಚ್ಚು ಮಾರಾಟವಾದವು. ಹೊಸ ಕ್ಯಾಸೆಟ್ಟುಗಳೂ ಬರುತ್ತಿವೆ. ಶೋಕೇಸಿನಲ್ಲಿ ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ, ಬೇಡವೆನ್ನಲು ನಾನ್ಯಾರು? ಆದರೆ ಈ ಶೋಕಿ ನಿಮ್ಮ ಅಜ್ಜಿಯ ದನಿಯನ್ನು ಮರಳಿ ತರುವುದಿಲ್ಲ. ಸಿನಿಮಾ ಹಾಡಿಗೆ ಸಾವಿರ ಪ್ರತಿ ಇರುತ್ತವೆ. ಮನೆಯಲ್ಲಿ ಮುದ್ರಿಸಿದ್ದಕ್ಕೆ ಇರುವುದು ಒಂದೇ.

ನಮ್ಮಜ್ಜಿ ಹಾಡಿದ ಸೋಬಾನೆ ಪದದ ಕ್ಯಾಸೆಟ್ಟಿನ ಮೇಲೆ ಸಿನಿಮಾ ಹಾಡು ತುಂಬಿಸಿದ ಮಹಾಶಯ ನಾನೇ. ಕೊನೆಯಲ್ಲಿ ಅಜ್ಜಿಯ ಅರ್ಧ ಸಾಲು ಮಾತ್ರ ಉಳಿದಿದೆ. ಅದಕ್ಕೇ ಹೇಳುವುದು: ಮೊದಲು ಕ್ಯಾಸೆಟ್ಟಿನ ಬೆನ್ನಿನ ಮೇಲಿರುವ ಎರಡು ಪ್ಲಾಸ್ಟಿಕ್ ಎಸಳು ಮುರಿಯಿರಿ, ಮತ್ತೆ ಅದರ ಮೇಲೆ ರೆಕಾರ್ಡ್ ಆಗದು. ಬೂಷ್ಟು ಹಿಡಿದಿದ್ದರೆ ಹಾಗೇ ಓಡಿಸಬೇಡಿ, ಬಲ್ಲವರಿಗೆ ತೋರಿಸಿ. ಟೇಪ್ ಸಡಿಲವಾಗಿದ್ದರೆ ಪೆನ್ಸಿಲ್ ತೂರಿಸಿ ಬಿಗಿ ಮಾಡಿ. ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ತಂತಿ ಎಳೆದು ಇಳಿಸಿಕೊಳ್ಳಿ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷ ಕೂರಲೇಬೇಕು. ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ ಎಂದು ಬರೆದಿಡಿ. ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಕೇಳಿಕೊಳ್ಳಿ.