ಫಿಲಿಪ್ಪೀನ್ಸ್‌ನ ಜಮೀನ್ದಾರಿ ರಾಜಕಾರಣ: ಹೊಣೆ ಸ್ಪೇನಿನದೇ?

ಪರ

1565ರಿಂದ 1898ರವರೆಗೆ ಸ್ಪೇನ್ ಆ ದ್ವೀಪಗಳನ್ನು ಆಳಿದ್ದು ಸೈನ್ಯದ ಬಲದಿಂದಷ್ಟೇ ಅಲ್ಲ. ಊರೂರಲ್ಲಿ ಒಬ್ಬ ಪಾದ್ರಿ, ಒಬ್ಬ ಸ್ಥಳೀಯ ಮುಖಂಡ ಇದ್ದರೆ ಸಾಕಿತ್ತು. ‘ದಾತು’ ಎನ್ನಿಸಿಕೊಂಡಿದ್ದ ಹಳೆಯ ನಾಯಕರನ್ನೇ ಕಂದಾಯ ವಸೂಲಿಗೆ ಹಚ್ಚಿದರು. ಈ ಮನೆತನದವರಿಗೆ ತಲೆಗಂದಾಯದಿಂದ ವಿನಾಯಿತಿ, ಬಿಟ್ಟಿ ದುಡಿಮೆಯಿಂದಲೂ ವಿನಾಯಿತಿ. ಭೂಮಿ, ವಸೂಲಿ, ಅಧಿಕಾರ ಮೂರೂ ಒಂದೇ ಮನೆಯ ಜಗಲಿಯಲ್ಲಿ ಕೂತ ಮೇಲೆ ಎಬ್ಬಿಸುವವರಾರು?

ಮನಿಲಾ ಸುತ್ತಲಿನ ಕವೀಟೆ, ಲಗುನಾ, ಬುಲಕಾನ್‌ಗಳಲ್ಲಿ ವಿಶಾಲವಾದ ಜಮೀನುಗಳು ಕ್ರೈಸ್ತ ಮಠಗಳ ಕೈಯಲ್ಲಿದ್ದವು. ಮಠದಿಂದ ಗುತ್ತಿಗೆ ಹಿಡಿದವನು ಅದನ್ನೇ ತುಂಡು ಮಾಡಿ ಬೇರೆಯವರಿಗೆ ಗೇಣಿಗೆ ಕೊಡುತ್ತಿದ್ದ. ಉಳುವವನ ತಲೆಯ ಮೇಲೆ ಇಬ್ಬರು ಒಡೆಯರು. ರಾಷ್ಟ್ರನಾಯಕ ಹೊಸೆ ರಿಸಾಲ್ ಅವರ ಮನೆಯವರೂ ಕಲಂಬಾದಲ್ಲಿ ಡೊಮಿನಿಕನ್ ಮಠದ ಗುತ್ತಿಗೆದಾರರೇ. ಗೇಣಿಯ ವ್ಯಾಜ್ಯದಲ್ಲಿ ಅವರನ್ನೂ ಒಕ್ಕಲೆಬ್ಬಿಸಲಾಯಿತು. 1896ರ ಕ್ರಾಂತಿ ಕವೀಟೆಯಲ್ಲಿ ಅಷ್ಟು ಜೋರಾಗಿ ಹೊತ್ತಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆಮೇಲೆ ಬಂದ ಅಮೆರಿಕನ್ನರು ಮೊದಮೊದಲು ಮತದಾನದ ಹಕ್ಕು ಕೊಟ್ಟದ್ದು ಸ್ಪೇನಿನ ಕಾಲದಲ್ಲಿ ಊರಿನ ಅಧಿಕಾರ ನಡೆಸಿದವರಿಗೆ, ಆಸ್ತಿವಂತರಿಗೆ, ಇಂಗ್ಲಿಷನ್ನೋ ಸ್ಪ್ಯಾನಿಷನ್ನೋ ಬಲ್ಲವರಿಗೆ. ಎಂದರೆ, ಬಹುಪಾಲು ಅದೇ ಮನೆತನಗಳಿಗೆ.

ವಿರೋಧ

ಆ ನಿಯಮ ಬರೆದದ್ದು ಸ್ಪೇನ್ ಅಲ್ಲವಲ್ಲ! ಮಠಗಳ ಸುಮಾರು 4 ಲಕ್ಷ ಎಕರೆಯನ್ನು 1903ರಲ್ಲಿ ಕೊಂಡದ್ದೂ ಅಮೆರಿಕದ ಆಡಳಿತವೇ. ಹಳೆಯ ಅನ್ಯಾಯ ಸರಿಪಡಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕಿರಲಿಕ್ಕಿಲ್ಲ. ಆದರೆ ಕಂತು ಕಟ್ಟುವ ತ್ರಾಣ ಗೇಣಿದಾರನಿಗೆ ಎಲ್ಲಿತ್ತು? ಬಹಳಷ್ಟು ಜಮೀನು ಉಳ್ಳವರ ಪಾಲಾಯಿತು.

ತರ್ಲಾಕ್ ಪ್ರಾಂತ್ಯದ ಹಸಿಯೆಂಡಾ ಲುಯಿಸಿಟಾ ಎಂಬ ಕಬ್ಬಿನ ಎಸ್ಟೇಟಿನ ಕಥೆ ಇನ್ನೂ ಸ್ಪಷ್ಟ. ಅದು ಸ್ಪ್ಯಾನಿಷ್ ಕಂಪನಿಯೊಂದರ ಆಸ್ತಿಯಾಗಿತ್ತು. 1950ರ ದಶಕದ ಕೊನೆಯಲ್ಲಿ, ದೇಶ ಸ್ವತಂತ್ರವಾಗಿ ಹತ್ತು ವರ್ಷ ದಾಟಿದ ಮೇಲೆ, ಸರ್ಕಾರಿ ಸಂಸ್ಥೆಯ ಸಾಲದ ನೆರವಿನಿಂದ ಅದನ್ನು ಕೊಂಡದ್ದು ಕೊಹುವಾಂಕೊ ಕುಟುಂಬ. ಆ ಮನೆಯ ಮಗಳು ಕೊರಾಜಾನ್ ಅಕಿನೊ ಅಧ್ಯಕ್ಷೆಯಾಗಿದ್ದಾಗ ಬಂದ 1988ರ ಭೂಸುಧಾರಣಾ ಕಾಯ್ದೆ, ಭೂಮಿಯ ಬದಲು ಷೇರು ಕೊಟ್ಟರೂ ನಡೆಯುತ್ತದೆ ಎಂದಿತು. ಲುಯಿಸಿಟಾದ ರೈತರಿಗೆ ಸಿಕ್ಕಿದ್ದೂ ಷೇರೇ. ಭೂಮಿಯನ್ನೇ ಹಂಚಬೇಕೆಂಬ ಸುಪ್ರೀಂ ಕೋರ್ಟಿನ ಅಂತಿಮ ಮಾತಿಗೆ 2012 ಬರಬೇಕಾಯಿತು.

ತೈವಾನ್ ಕೂಡ ಐವತ್ತು ವರ್ಷ ಜಪಾನಿನ ವಸಾಹತು. 1953ರಲ್ಲಿ ಅದು ಉಳುವವನನ್ನೇ ಹೊಲದೊಡೆಯನನ್ನಾಗಿಸಿತು. (ನಿಜ, ಅಲ್ಲಿ ಆಳುತ್ತಿದ್ದವರಿಗೆ ಆ ನೆಲದಲ್ಲಿ ಜಮೀನಿರಲಿಲ್ಲ, ಮನಿಲಾದ ಸಂಸತ್ತಿನಲ್ಲಿ ಜಮೀನ್ದಾರರೇ ತುಂಬಿದ್ದರು.) 1987ರ ಫಿಲಿಪ್ಪೀನ್ಸ್ ಸಂವಿಧಾನ ವಂಶಾಡಳಿತವನ್ನು ನಿಷೇಧಿಸಿ, ಅದರ ವ್ಯಾಖ್ಯೆಯನ್ನು ಕಾನೂನಿಗೆ ಬಿಟ್ಟಿತು. ಮೂರು ದಶಕ ಕಳೆದರೂ ಸಂಸತ್ತು ಆ ಕಾನೂನು ಮಾಡಲಿಲ್ಲ. ಅದಕ್ಕೆ ಮ್ಯಾಡ್ರಿಡ್ ಅಡ್ಡ ಬಂದಿರಲಿಲ್ಲ.