ಒಂದು ಬಕೆಟ್ ಬಿಸಿನೀರಿನ ಲೆಕ್ಕ

ಬಿಸಿಲಿಗೆ ಹೆಸರಾದ ಕಲಬುರಗಿಯ ಚಳಿಗಾಲದ ವಿದ್ಯುತ್ ಬಿಲ್ಲಿನ ಬಗ್ಗೆ ಮಲೆನಾಡಿನ ಪತ್ರಿಕೆಯಲ್ಲಿ ಬರೆಯುವುದು ಓದುಗರಿಗೆ ವಿಚಿತ್ರವೆನಿಸಬಹುದು. ಮೇ ತಿಂಗಳಿನಲ್ಲಿ 42 ಡಿಗ್ರಿ ದಾಟುವ ಊರದು. ಆದರೆ ಅದೇ ಊರಿನಲ್ಲಿ ಡಿಸೆಂಬರ್, ಜನವರಿಯ ನಸುಕಿನಲ್ಲಿ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಮಾಳಿಗೆಯ ಮೇಲಿನ ಟ್ಯಾಂಕಿನಲ್ಲಿ ರಾತ್ರಿಯೆಲ್ಲ ತಣಿದ ನೀರನ್ನು ಬೆಳಿಗ್ಗೆ ಮೈಮೇಲೆ ಸುರಿದುಕೊಳ್ಳುವುದು ಮಕ್ಕಳಿಗೂ ವೃದ್ಧರಿಗೂ ಸಾಧ್ಯವಿಲ್ಲ. ಶೀತದೇಶಗಳಲ್ಲಿ ಚಳಿಗಾಲದ ವೆಚ್ಚವೆಂದರೆ ಮನೆಯನ್ನು ಬೆಚ್ಚಗಿಡುವ ವೆಚ್ಚ. ನಮ್ಮಲ್ಲಿ ಅದು ಬಚ್ಚಲಿನ ಬಿಸಿನೀರಿನ ವೆಚ್ಚ.

ನನ್ನ ತಂಗಿ ನೌಕರಿಯ ನಿಮಿತ್ತ ಕಲಬುರಗಿ ಸೇರಿ ಅಲ್ಲಿಯೇ ನೆಲೆಸಿದ್ದಾಳೆ. ಆಕೆಯ ಪತಿಯ ಊರು ಹುಮನಾಬಾದ್ ರಸ್ತೆಯಲ್ಲಿರುವ, ಕೆಂಪು ಬಾಳೆಗೆ ಪ್ರಸಿದ್ಧವಾದ ಕಮಲಾಪುರ. 2025ರ ಜನವರಿಯಲ್ಲಿ ನಾನು ಅವರ ಮನೆಗೆ ಹೋದಾಗ ಮನೆಯವರೆಲ್ಲ ಒಂದು ಚೀಟಿಯನ್ನು ಕೈಯಿಂದ ಕೈಗೆ ದಾಟಿಸುತ್ತ ಕುಳಿತಿದ್ದರು. ಅದು ಡಿಸೆಂಬರ್ ತಿಂಗಳ ವಿದ್ಯುತ್ ಬಿಲ್ಲು. ಒಂದೂವರೆ ವರ್ಷದಿಂದ ಸೊನ್ನೆಯನ್ನೇ ತೋರಿಸುತ್ತಿದ್ದ ಬಿಲ್ಲು ಆ ತಿಂಗಳು 1,600 ರೂಪಾಯಿಯ ಗಡಿ ಮುಟ್ಟಿತ್ತು. ಮೀಟರು ಕೆಟ್ಟಿದೆಯೆಂದು ಭಾವ, ಯಾರೋ ತಂತಿ ಎಳೆದುಕೊಂಡಿದ್ದಾರೆಂದು ಪಕ್ಕದ ಮನೆಯವರು. ಕೊನೆಗೆ ಕುಳಿತು ಲೆಕ್ಕ ಹಾಕಿದಾಗ ಮೀಟರು ಸರಿಯಾಗಿಯೇ ಇತ್ತು. ತಪ್ಪಿದ್ದು ನಮ್ಮ ತಿಳಿವಳಿಕೆ.

ಗೃಹಜ್ಯೋತಿ ಯೋಜನೆಗೆ ವಿಧ್ಯುಕ್ತ ಚಾಲನೆ ದೊರೆತದ್ದು ಕಲಬುರಗಿಯಲ್ಲಿಯೇ, 2023ರ ಆಗಸ್ಟ್ 5ರಂದು. ‘200 ಯೂನಿಟ್ ಉಚಿತ’ ಎಂಬ ಮಾತು ಎಲ್ಲರ ಬಾಯಲ್ಲಿದೆ. ಆದರೆ ನಿಯಮ ಅಷ್ಟು ಸರಳವಲ್ಲ. 2022–23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇ. 10 ಸೇರಿಸಿದರೆ ಬರುವುದು ಆ ಮನೆಯ ಅರ್ಹತೆ. 48 ಯೂನಿಟ್‌ಗಿಂತ ಕಡಿಮೆ ಸರಾಸರಿಯವರಿಗೆ 2024ರಲ್ಲಿ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಡಲಾಯಿತು. ಅರ್ಹತೆಯನ್ನು ಮೀರಿ, 200ರೊಳಗೆ ಬಳಸಿದರೆ ಮೀರಿದ್ದಕ್ಕೆ ಮಾತ್ರ ಹಣ ಕೊಟ್ಟರಾಯಿತು. 200 ದಾಟಿದರೆ ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್ಲು ಕಟ್ಟಬೇಕು.

ತಂಗಿಯ ಮನೆಯ ಸರಾಸರಿ 128, ಅರ್ಹತೆ 140. ಡಿಸೆಂಬರ್‌ನಲ್ಲಿ ಬಳಸಿದ್ದು 214. ಆಗಿನ ದರ ಯೂನಿಟ್‌ಗೆ 5 ರೂಪಾಯಿ 90 ಪೈಸೆ. ನಿಗದಿತ ಶುಲ್ಕ, ತೆರಿಗೆ ಬೇರೆ. 199ರಲ್ಲಿ ನಿಂತಿದ್ದರೆ 59 ಯೂನಿಟ್‌ಗೆ 350 ರೂಪಾಯಿಯಷ್ಟು ಕೊಟ್ಟು ಮುಗಿಯುತ್ತಿತ್ತು. ಕೊನೆಯ 15 ಯೂನಿಟ್ ಅವರಿಗೆ ಸಾವಿರಕ್ಕೂ ಹೆಚ್ಚು ರೂಪಾಯಿಯ ಹೊರೆ ತಂದಿತ್ತು.

ಈ ಹೆಚ್ಚಳ ಬಂದದ್ದೆಲ್ಲಿಂದ? ಫ್ಯಾನು ನಿಂತಿತ್ತು, ಕೂಲರು ಮೂಲೆ ಸೇರಿತ್ತು. ಸೊನ್ನೆ ಬಿಲ್ಲಿನ ಧೈರ್ಯದಲ್ಲಿ 2024ರಲ್ಲಿ ಕೊಂಡ ಗೀಸರ್ ಮಾತ್ರ ಹೊಸದು. ಶಾಲೆಯಲ್ಲಿ ಕಲಿತ ವಿಜ್ಞಾನವನ್ನು ಇಲ್ಲಿ ನೆನಪಿಸಿಕೊಳ್ಳೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.16 ವ್ಯಾಟ್-ಗಂಟೆ ಶಕ್ತಿ ಬೇಕು. 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಸುಮಾರು ಅರ್ಧ ಯೂನಿಟ್. ಆರು ಜನರಿಗೆ ದಿನಕ್ಕೆ ಮೂರು ಯೂನಿಟ್, ತಿಂಗಳಿಗೆ ತೊಂಬತ್ತು! 75 ವ್ಯಾಟ್‌ನ ಫ್ಯಾನು ಏಳು ಗಂಟೆ ತಿರುಗಿದರೆ ಖರ್ಚಾಗುವಷ್ಟು ವಿದ್ಯುತ್ತನ್ನು ಒಬ್ಬರ ಒಂದು ಸ್ನಾನ ಹತ್ತೇ ನಿಮಿಷದಲ್ಲಿ ಚರಂಡಿಗೆ ಹರಿಸುತ್ತದೆ. ಮನೆಯಲ್ಲಿ ವಿದ್ಯುತ್ತಿಗೆ ನಾವು ಒಪ್ಪಿಸುವ ಕೆಲಸಗಳಲ್ಲಿ ನೀರು ಕಾಯಿಸುವುದು ಅತ್ಯಂತ ಭಾರವಾದದ್ದು.

ಸೊನ್ನೆ ಬಿಲ್ಲು ಈ ಭಾರವನ್ನು ಇಲ್ಲವಾಗಿಸಲಿಲ್ಲ, ಅದನ್ನು ಕಣ್ಣಿಗೆ ಕಾಣದಂತೆ ಮಾಡಿತು. ಬಡವರ ಮನೆಯ ದೀಪಕ್ಕೂ ಫ್ಯಾನಿಗೂ ಸರ್ಕಾರ ಹಣ ಕೊಡುವುದನ್ನು ನಾವು ವಿರೋಧಿಸುವುದಿಲ್ಲ. ಆದರೆ ಯಾರೂ ಬೆಲೆ ಹೇಳದ ವಸ್ತುವಿಗೂ ಬೆಲೆಯಿರುತ್ತದೆ. ಅದನ್ನು ಬೇರೆ ಯಾರೋ, ಬೇರೆ ಎಲ್ಲಿಯೋ ತೆರುತ್ತಿರುತ್ತಾರೆ.

ಎಲ್ಲಿ ಎಂಬ ಪ್ರಶ್ನೆಗೆ ಮಲೆನಾಡಿನವರಿಗೆ ಉತ್ತರ ಗೊತ್ತಿದೆ. ರಾಜ್ಯದ ವಿದ್ಯುತ್ ಜಾಲದಲ್ಲಿ ಹರಿಯುವುದರಲ್ಲಿ ಒಂದು ಪಾಲು ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ, ದೂರದ ಗಣಿಗಳಿಂದ ರೈಲಿನಲ್ಲಿ ಬಂದ ಕಲ್ಲಿದ್ದಲು ಸುಟ್ಟು ಬಂದದ್ದು. ಕಲ್ಲಿದ್ದಲಿನ ಶಾಖದಲ್ಲಿ ವಿದ್ಯುತ್ತಾಗುವುದು ಸುಮಾರು ಮೂರನೇ ಒಂದು ಭಾಗ ಮಾತ್ರ. ಉಳಿದದ್ದು ಚಿಮಣಿಗೆ, ತಂಪುಗೋಪುರಕ್ಕೆ ಹೋಗುತ್ತದೆ. ತಂತಿಯ ದಾರಿಯಲ್ಲಿ ಇನ್ನಷ್ಟು ಸೋರುತ್ತದೆ. ಉಳಿದ ಆ ವಿದ್ಯುತ್ತನ್ನು ಬಚ್ಚಲಿನಲ್ಲಿ ಮತ್ತೆ ಶಾಖವಾಗಿಸಿ ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳುತ್ತೇವೆ. ಗುಡ್ಡ ಅಗೆದು ಇಲಿ ಹಿಡಿದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಇನ್ನೊಂದು ಪಾಲು ನಮ್ಮ ಶರಾವತಿ, ಕಾಳಿ, ವಾರಾಹಿಗಳದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮನೆ ಮಾರು ಬಿಟ್ಟವರ ಮಕ್ಕಳು ಇಂದಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಅದೇ ಕಣಿವೆಗೆ ಈಗ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸೂಚಿಸಲಾಗಿದೆ. ಬೇಡಿಕೆ ಕಡಿಮೆಯಿರುವಾಗ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಡುವುದು ಅದರ ಉದ್ದೇಶ. ಇಂಥ ಯೋಜನೆಗಳಲ್ಲಿ ಎತ್ತಲು ಬಳಸಿದ ವಿದ್ಯುತ್ತಿನ ಸುಮಾರು ಐದನೇ ಒಂದು ಭಾಗ ಮರಳಿ ಬರುವುದೇ ಇಲ್ಲ. ಬೇಡಿಕೆ ಏರುವುದು ಯಾವಾಗ? ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಮತ್ತು ಬೆಳಿಗ್ಗೆ ಸೌರಫಲಕಗಳು ಇನ್ನೂ ಎಚ್ಚರಗೊಳ್ಳದ ಹೊತ್ತಿನಲ್ಲಿ. ಲಕ್ಷಾಂತರ ಗೀಸರ್‌ಗಳು ಒಟ್ಟಿಗೆ ಉರಿಯುವುದೂ ಆ ಬೆಳಗಿನ ಹೊತ್ತಿನಲ್ಲಿಯೇ. ಬಯಲುಸೀಮೆಯ ಬಚ್ಚಲಿಗೂ ಸಿಂಹಬಾಲದ ಸಿಂಗಳೀಕದ ಕಾಡಿಗೂ ಇರುವ ನಂಟು ಇದು. ಕಲಬುರಗಿಯವರನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಶಿವಮೊಗ್ಗ, ಶಿರಸಿಯ ಗೀಸರ್‌ಗಳೂ ಅದೇ ಹೊತ್ತಿಗೆ ಉರಿಯುತ್ತವೆ.

ಆ ದಿನ ಲೆಕ್ಕ ಮುಗಿದ ಮೇಲೆ ಮಾತನಾಡಿದವರು ತಂಗಿಯ ಅತ್ತೆ. ಚಳಿಗಾಲ ಕಳೆಯಲು ಕಮಲಾಪುರದಿಂದ ಮಗನ ಮನೆಗೆ ಬಂದಿದ್ದರು. "ಏನ್ ತಮ್ಮಾ, ಇಷ್ಟ್ ಬಿಸಲು ಬೀಳ್ತದ. ಅಂಗಳದಾಗ ಕೊಡ ಇಟ್ರ ನೀರು ತಾನೇ ಕಾಯ್ತಾವ. ಅದಕ್ಕ್ಯಾಕ ರೊಕ್ಕ?" ಎಂದರು. ಅವರ ಊರಿನಲ್ಲಿ ಕೂಸಿನ ಎರೆಯುವ ನೀರನ್ನು ಬಿಸಿಲಿಗಿಟ್ಟೇ ಬೆಚ್ಚಗೆ ಮಾಡುತ್ತಿದ್ದರು. ದೊಡ್ಡವರ ಜಳಕಕ್ಕೆ ಹಂಡೆ. ತೊಗರಿಯ ರಾಶಿ ನಡೆಯುವುದೂ ಡಿಸೆಂಬರ್, ಜನವರಿಯಲ್ಲಿಯೇ. ಕಾಳು ಬಡಿದು ಉಳಿದ ತೊಗರಿ ಕಟ್ಟಿಗೆ ಚಳಿ ಬೀಳುವ ಹೊತ್ತಿಗೆ ಸರಿಯಾಗಿ ಹಿತ್ತಿಲು ಸೇರುತ್ತಿತ್ತು. ಬೆಳೆಯೂ ಋತುವೂ ಒಲೆಯೂ ಒಂದಕ್ಕೊಂದು ಹೊಂದಿಕೊಂಡಿದ್ದ ವ್ಯವಸ್ಥೆ ಅದು.

ಹಾಗೆಂದು ಹಳೆಯದನ್ನೆಲ್ಲ ಹೊಗಳಲು ನಾನು ಸಿದ್ಧನಿಲ್ಲ. ನಸುಕಿನ ನಾಲ್ಕಕ್ಕೆದ್ದು ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಆ ಒಲೆ ಊದಿದವರು ಹೆಂಗಸರು. ಅದೇ ಅತ್ತೆಯ ದಮ್ಮಿಗೆ ಆ ಹೊಗೆಯೂ ಒಂದು ಕಾರಣವಿರಬಹುದು. ಗುಂಡಿ ಒತ್ತಿದರೆ ಬಿಸಿನೀರು ಬರುವುದು ಅವರ ಪಾಲಿಗೆ ಬಿಡುಗಡೆಯೇ. ಬಾಣಂತಿಗೆ, ಕೂಸಿಗೆ, ಮುದುಕರಿಗೆ ಬಿಸಿನೀರು ಐಷಾರಾಮವಲ್ಲ. ಆದ್ದರಿಂದ ಬಿಸಿನೀರು ಬೇಕೋ ಬೇಡವೋ ಎಂಬುದು ಪ್ರಶ್ನೆಯಲ್ಲ. ಇಷ್ಟು ಅಲ್ಪ ಶಾಖಕ್ಕೆ ಇಷ್ಟು ದೊಡ್ಡ ಯಂತ್ರವ್ಯೂಹ ಬೇಕೇ ಎಂಬುದು ಪ್ರಶ್ನೆ.

ನಾವು ಅಂದು ಮಾಡಿದ್ದು ಇಷ್ಟೇ. ಶಾಲೆ ಬಿಟ್ಟು ಬಂದ ಮಕ್ಕಳ ಮತ್ತು ಇಬ್ಬರು ಹಿರಿಯರ ಸ್ನಾನವನ್ನು ಬೆಳಿಗ್ಗೆಯಿಂದ ಇಳಿಹೊತ್ತಿಗೆ ಬದಲಾಯಿಸಿದೆವು. ಕಲಬುರಗಿಯ ಚಳಿಗಾಲದಲ್ಲಿ ಹಗಲು ನಿರ್ಮಲ ಬಿಸಿಲು. ಮಾಳಿಗೆಯ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಮೂರರ ಹೊತ್ತಿಗೆ 30 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ಅಲ್ಲಿಂದ 42ಕ್ಕೆ ಏರಿಸಲು ಬೇಕಾಗುವುದು ಅರ್ಧದಷ್ಟು ವಿದ್ಯುತ್ತು. ಮುಚ್ಚಿ ಬಿಸಿಲಿಗಿಟ್ಟ ಕೊಡಗಳ ನೀರು ಇನ್ನೂ ಬೆಚ್ಚಗಿರುತ್ತದೆ. ಗೀಸರ್ ಅನ್ನು ಸ್ನಾನಕ್ಕೆ ಸ್ವಲ್ಪ ಮೊದಲು ಹಚ್ಚಿ, ಕೂಡಲೇ ಆರಿಸುವ ರೂಢಿಯಾಯಿತು. ದಿನವಿಡೀ ಹಚ್ಚಿಟ್ಟರೆ ನೀರು ಬಳಸದಿದ್ದರೂ ಅದು ವಿದ್ಯುತ್ತು ತಿನ್ನುತ್ತಲೇ ಇರುತ್ತದೆ. ಮುಂದಿನ ತಿಂಗಳ ಬಳಕೆ 172 ಯೂನಿಟ್. ಕಟ್ಟಿದ್ದು ಇನ್ನೂರು ರೂಪಾಯಿಯ ಆಸುಪಾಸು.

ಉಳಿತಾಯದ ಆತುರದಲ್ಲಿ ಅಪಾಯ ತಂದುಕೊಳ್ಳಬಾರದು. ಹೀಟರ್ ಕಾಯಿಲ್ ಬಳಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು. ಲೋಹದ ಬಕೆಟ್ ಬೇಡವೇ ಬೇಡ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಬೇಕು. ಮುಚ್ಚಿದ ಕೋಣೆಯಲ್ಲಿ ಅದು ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಸಾವು ಸದ್ದಿಲ್ಲದೆ ಬರುತ್ತದೆ. ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿ ಮಲಗುವವರಿಗೂ ಇದೇ ಎಚ್ಚರಿಕೆ.

ಆದರೆ ಎಲ್ಲ ಹೊಣೆಯನ್ನೂ ಮನೆಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಸರ್ಕಾರ ಮಾಡಬೇಕಾದದ್ದು ಎರಡಿದೆ. ಮೊದಲನೆಯದು, ಅರ್ಹತೆಯನ್ನು ತಿಂಗಳ ಬದಲು ವರ್ಷದ ಲೆಕ್ಕದಲ್ಲಿ ಎಣಿಸುವುದು. ತಿಂಗಳಿಗೆ 140 ಎಂದರೆ ವರ್ಷಕ್ಕೆ 1,680 ಯೂನಿಟ್. ಮಳೆಗಾಲದಲ್ಲಿ ಉಳಿಸಿದ್ದನ್ನು ಚಳಿಗಾಲಕ್ಕೋ ಬೇಸಿಗೆಗೋ ಬಳಸಿಕೊಳ್ಳುವ ಅವಕಾಶವಿದ್ದರೆ ಉಳಿಸಲು ಒಂದು ಕಾರಣವಾದರೂ ಇರುತ್ತದೆ. ಈಗ ಉಳಿಸಿದವರಿಗೆ ಏನೂ ಇಲ್ಲ, 200 ದಾಟಿ ಒಂದು ಹೆಜ್ಜೆ ತಪ್ಪಿದವರಿಗೆ ಪ್ರಪಾತ.

ಎರಡನೆಯದು, ಬಿಸಿಲಿನ ಊರಿಗೆ ಬಿಸಿಲಿನಿಂದಲೇ ಬಿಸಿನೀರು. ಸೌರ ನೀರು ಕಾಯಿಸುವ ಸಾಧನ ಹೊಸದೇನಲ್ಲ. ಕರ್ನಾಟಕದ ಮಾಳಿಗೆಗಳಲ್ಲಿ ಅದು ಹಲವು ದಶಕಗಳಿಂದಿದೆ. ಅದಕ್ಕೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಸಾಮಾನ್ಯ ಸಹಾಯಧನ 2010ರ ದಶಕದಲ್ಲಿ ನಿಂತಿತು. 2024ರಲ್ಲಿ ಬಂದ ಸೂರ್ಯಘರ್ ಯೋಜನೆ ವಿದ್ಯುತ್ ಫಲಕಗಳಿಗೆ 78,000 ರೂಪಾಯಿಯವರೆಗೆ ನೆರವು ನೀಡುತ್ತದೆ. ಆದರೆ ಸ್ವಂತ ಮಾಳಿಗೆಯಿಲ್ಲದ ಬಾಡಿಗೆದಾರ ಏನು ಮಾಡಬೇಕು? ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ಬಿಸಿನೀರು ಬೇಕಾದ ಕೂಲಿಕಾರನಿಗೆ ಆ ಸಾಧನದ ಬೆಲೆ ಎಷ್ಟು ವರ್ಷಕ್ಕೆ ಹುಟ್ಟೀತು? ಆದ್ದರಿಂದ ವಿದ್ಯಾರ್ಥಿನಿಲಯ, ಆಸ್ಪತ್ರೆ, ವಠಾರ, ಸರ್ಕಾರಿ ವಸತಿಗೃಹಗಳಿಂದ ಆರಂಭಿಸಿ, ಸಾಮೂಹಿಕವಾಗಿ ಸಾರ್ವಜನಿಕ ಹಣದಿಂದ ಇವನ್ನು ಸ್ಥಾಪಿಸಬೇಕು. ಪ್ರತಿ ಚಳಿಗಾಲದಲ್ಲಿ ಸುಡುವ ವಿದ್ಯುತ್ತಿಗೆ ಕೊಡುವ ಹಣದ ಒಂದು ಅಂಶ ಸಾಕು. ಗಡಸುನೀರಿನ ಊರುಗಳಲ್ಲಿ ಕೊಳವೆಗಳೊಳಗೆ ಸುಣ್ಣ ಕಟ್ಟುವುದುಂಟು. ಅದಕ್ಕೆ ತಕ್ಕ ಮಾದರಿಯನ್ನೇ ಆರಿಸಬೇಕು.

ಇನ್ನು ನಮ್ಮ ಗುಡ್ಡದ ಕಡೆಗೆ ನೋಡೋಣ. ಆರು ತಿಂಗಳು ಮೋಡ ಮುಚ್ಚುವ ಇಲ್ಲಿ ಕಲಬುರಗಿಯ ಉತ್ತರ ಪೂರ್ತಿ ಹೊಂದುವುದಿಲ್ಲ. ನಮ್ಮ ಬಿಸಿಲೆಲ್ಲ ಅಡಿಕೆ ಸಿಪ್ಪೆಯಲ್ಲಿ, ತೆಂಗಿನ ಮಟ್ಟೆಯಲ್ಲಿ, ತೋಟದ ದರಗಿನಲ್ಲಿ ಕೂಡಿಟ್ಟುಕೊಂಡಿದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ನಮ್ಮ ಮನೆಗಳಿಗೆ ಅಸ್ತ್ರ ಒಲೆಯನ್ನು ಕೊಟ್ಟಿತು. ಕಡಿಮೆ ಕಟ್ಟಿಗೆ, ಮನೆಯೊಳಗೆ ಹೊಗೆಯಿಲ್ಲ. ಅದನ್ನು ಕಟ್ಟಬಲ್ಲ ಕೈಗಳು ಊರೂರಿನಲ್ಲಿ ಇದ್ದವು. ಇಂದು ಕಟ್ಟುವವರು ವಿರಳ. ಹಂಡೆ ಅಟ್ಟ ಸೇರುತ್ತಿದೆ, ಗೀಸರ್ ಗೋಡೆ ಏರುತ್ತಿದೆ. ಕಣಿವೆ ಉಳಿಸಿ ಎಂದು ಸಭೆಯಲ್ಲಿ ಕೂಗಿ, ಮನೆಗೆ ಬಂದು ಗೀಸರ್ ಹಚ್ಚಿದರೆ ನಮ್ಮ ಮಾತಿಗೆ ತೂಕವೆಲ್ಲಿ?

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಈ ಚಳಿಗಾಲದಲ್ಲಿ ಒಂದು ವಾರ, ಸ್ನಾನಕ್ಕೆ ಮೊದಲು ಮತ್ತು ನಂತರ ನಿಮ್ಮ ಮನೆಯ ಮೀಟರಿನ ಅಂಕಿ ಬರೆದಿಡಿ. ಹಂಡೆಯ ಮನೆಯಾದರೆ ಒಲೆಗೆ ಹಾಕಿದ ಕಟ್ಟಿಗೆಯನ್ನು ತೂಗಿ. ಊರಿನ ಹತ್ತು ಮನೆಗಳ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಿ. ದೊಡ್ಡ ಯೋಜನೆಗಳವರು ನಮ್ಮ ಮುಂದೆ ದೊಡ್ಡ ಅಂಕಿಗಳನ್ನಿಡುತ್ತಾರೆ. ನಮ್ಮಲ್ಲಿ ನಮ್ಮದೇ ಆದ ಸಣ್ಣ, ನಿಜವಾದ ಅಂಕಿಗಳಿರಲಿ. ಒಂದು ಬಕೆಟ್ ನೀರಿಗೆ ಅರ್ಧ ಯೂನಿಟ್ ಎಂಬುದು ಅವುಗಳಲ್ಲಿ ಮೊದಲನೆಯದಾಗಲಿ.